ಕೆಂಪು ಬಟನ್

ಮೀಟರಿನ ಎರಡು ಕಡ್ಡಿಗಳನ್ನು ಚಾರ್ಜರಿನ ತುದಿಗೆ ಹಿಡಿದು ಬೆನಕಪ್ಪ ಮೂರನೇ ಸಲ ಓದಿದ. ಐದು ಪಾಯಿಂಟ್ ಒಂದು. ಬೆಳಿಗ್ಗೆ ಎಂಟಕ್ಕೂ ಅಷ್ಟೇ ಇತ್ತು, ಒಂಬತ್ತೂವರೆಗೂ ಅಷ್ಟೇ, ಈಗ ಹನ್ನೊಂದಕ್ಕೂ ಅಷ್ಟೇ. ಐದು ವೋಲ್ಟು ಬೇಕು ಅಂದದ್ದಕ್ಕೆ ಒಂದು ಚೂರು ಜಾಸ್ತಿಯೇ ಕೊಡುತ್ತಿದ್ದೇನಲ್ಲ, ಇನ್ನೇನು ಬೇಕಂತೆ ಒಳಗಿನ ಆ ಡಬ್ಬಿಗೆ, ಹೋಳಿಗೆ ತುಪ್ಪವಾ, ಅಂದುಕೊಂಡ. ಅಂಗಡಿಯ ಬಾಗಿಲಲ್ಲಿ ಗೋವಿನಕೋವಿಯ ರೈತನೊಬ್ಬ ಸುಟ್ಟ ಮೋಟರನ್ನು ಇಳಿಸಿ ಹೋಗಿ ಎರಡು ದಿನವಾಗಿತ್ತು. ಅದರ ಹೊಟ್ಟೆ ಬಿಚ್ಚಿ ತಾಮ್ರದ ತಂತಿ ಕಿತ್ತು ಹಾಕಿದ್ದೇ ಬಂತು, ಹೊಸದಾಗಿ ಸುತ್ತಲು ಕೈ ಏಳುತ್ತಿರಲಿಲ್ಲ. ಮೂರು ಗಂಟೆಗೆ ಲಕ್ಷ್ಮೀದೇವಿ ಬರುತ್ತಾಳೆ. ಹೆಂಡತಿಯ ತಂಗಿ, ಜಗಳೂರಿನವಳು, ಅಂಗನವಾಡಿಯಲ್ಲಿ ಟೀಚರು, ಹೇಳಿದ ಹೊತ್ತಿಗೆ ಬರುವ ಹೆಂಗಸು. ಮಂಗಳವಾರ ಫೋನಿನಲ್ಲಿ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. "ಭಾವ, ಶುಕ್ರವಾರ ಮೂರಕ್ಕೆ ಗಾಡಿ ಮಾಡ್ಕಂಡು ಬರ್ತೀನಿ. ಅಕ್ಕನ್ನ ಕರ್ಕಂಡು ಹೋಗ್ತೀನಿ." ಅವಳನ್ನೇ ಕೇಳು, ಅಂದಿದ್ದ ಇವನು. "ಹೆಂಗೆ ಕೇಳ್ಲಿ? ಅಕ್ಕಂಗೆ ಮಾತಾಡೋಕೆ ಅಂತ ನೀವು ಮಾಡಿರೋ ಡಬ್ಬಿ ಕರೆದಾಗೆಲ್ಲ ಕಣ್ಣು ಮುಚ್ಕಂತೈತಂತೆ." ಶುಕ್ರವಾರಕ್ಕೆ ಸರಿಯಾಗಿರ್ತೈತೆ, ಅವಳ ಬಾಯಲ್ಲೇ ಕೇಳು, ಅಂದುಬಿಟ್ಟ. ಬಾಯಲ್ಲೇ ಅಂದ ಮೇಲೆ ನಾಲಿಗೆ ಕಚ್ಚಿಕೊಂಡ. ಆ ಕಡೆಯಿಂದ ಲಕ್ಷ್ಮೀದೇವಿ, ಆಗ್ಲಿ ಬಿಡ್ರಿ, ಅಕ್ಕ ಇಲ್ಲೇ ಇರ್ತೀನಂದ್ರೆ ನಾನ್ಯಾಕೆ ಎಳ್ಕಂಡು ಹೋಗ್ಲಿ, ಅಂದು ಫೋನ್ ಇಟ್ಟಳು.

ಅಂಗಡಿಗೂ ಒಳಕೋಣೆಗೂ ನಡುವೆ ಒಂದೇ ಗೋಡೆ. ಗೋಡೆಯ ಆ ಕಡೆ ಹೆಂಡತಿ ಪ್ರೇಮಮ್ಮ ಕುರ್ಚಿಯಲ್ಲಿ ಕೂತಿದ್ದಾಳೆ ಅನ್ನುವುದು ಅವನಿಗೆ ನೋಡದೆಯೂ ಗೊತ್ತಾಗುತ್ತಿತ್ತು. ಇಪ್ಪತ್ತನಾಲ್ಕು ವರ್ಷ ಅವಳು ಆ ಗೋಡೆಯ ಈ ಕಡೆ, ಇದೇ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತವಳು. ಮೋಟರು ತಂದವರ ಊರು, ಬೋರು ಎಷ್ಟು ಅಡಿ, ಮಗಳಿಗೆ ಗಂಡು ಗೊತ್ತಾಯಿತಾ, ಎಮ್ಮೆ ಕರು ಹಾಕಿತಾ, ಎಲ್ಲ ವಿಚಾರಿಸಿ, ನಡುವೆ ಇವನನ್ನು ಎರಡು ಮಾತು ಆಡಿಕೊಂಡು, ಚಾ ಕೊಟ್ಟು ಕಳಿಸುವಳು. ಇವನು ತಂತಿ ಸುತ್ತುತ್ತಾ ಎಣಿಕೆ ತಪ್ಪಿ ಗೊಣಗುವನು. ಬಂದವರ ಮುಂದೆ ಅವನದೊಂದು ಖಾಯಂ ಮಾತಿತ್ತು: "ಎಲ್ಲಾ ಮೋಟ್ರಿಗೂ ನಿಲ್ಸೋಕೆ ಕೆಂಪು ಬಟನ್ ಐತೆ ಕಣ್ರಿ, ನಮ್ಮನೇರಿಗೆ ಮಾತ್ರ ಕಂಪ್ನಿಯೋರು ಇಡೋದು ಮರ್ತವ್ರೆ." ನ್ಯಾಮತಿ ಸುತ್ತಮುತ್ತ ಬೋರು ಇದ್ದವರೆಲ್ಲ ಈ ಮಾತು ಕೇಳಿ ಒಮ್ಮೆಯಾದರೂ ನಕ್ಕವರೇ. ಅವಳೂ ನಗುತ್ತಿದ್ದಳು. ಕಳೆದ ಆಷಾಢದ ಆ ಬೆಳಿಗ್ಗೆಯೂ ಇವನು ಅದನ್ನೇ ಅಂದ, ಬಂದಿದ್ದ ಇಬ್ಬರು ನಕ್ಕರು, ಅವಳೂ ನಗುವುದಕ್ಕೆ ಹೋದಳು, ಆದರೆ ನಗು ಒಂದೇ ಕಡೆಗೆ ಹೋಯಿತು. ಚಾದ ಲೋಟ ಕೈಯಿಂದ ಜಾರಿತು. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ಹೋದವು. ಡಾಕ್ಟರು ಮೆದುಳಿನ ಒಂದು ರಕ್ತನಾಳದ ಹೆಸರು ಹೇಳಿದರು, ಬಿ.ಪಿ. ಮಾತ್ರೆ ಸರಿಯಾಗಿ ತಗೊಂಡಿಲ್ಲ ಅಂದರು. ಬೆನಕಪ್ಪನಿಗೆ ಅದೆಲ್ಲ ತಲೆಗೆ ಹೋಯಿತು, ಎದೆಗೆ ಹೋಗಲಿಲ್ಲ, ಅಲ್ಲಿ ಕೂತದ್ದು ಕೆಂಪು ಬಟನ್ನಿನ ತನ್ನ ಮಾತೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಅದನ್ನು ಇಷ್ಟು ನಿಜ ಮಾಡುವುದು ಬೇಕಿರಲಿಲ್ಲ ದೇವರಿಗೆ.

ಆಮೇಲೆ ಮನೆಯಲ್ಲಿ ಬಂದು ಕೂತ ಸುಮ್ಮನಿರುವಿಕೆ ಎಂಥದ್ದೆಂದರೆ, ಅವನು ತಂತಿಯ ಸುತ್ತು ಎಣಿಸುವಾಗ ಒಂದೂ ತಪ್ಪುತ್ತಿರಲಿಲ್ಲ. ಅದೇ ಅವನಿಗೆ ತಡೆಯಲಾಗದೆ ಹೋಯಿತು. ಅವಳಿಗೆ ಮಾತು ತಿಳಿಯುತ್ತಿತ್ತು, ಹೇಳಲು ಬರುತ್ತಿರಲಿಲ್ಲ. ಹೂಂ ಅಂತ ತಲೆಯಾಡಿಸಿದರೂ ಬ್ಯಾಡ ಅಂತ ತಲೆಯಾಡಿಸಿದರೂ ಕುತ್ತಿಗೆ ಒಂದೇ ಥರ ವಾಲುತ್ತಿತ್ತು. ಹೀಗಿರುವಾಗ ಕತ್ತಲಗೆರೆಯಿಂದ ತೋಟದ ಮೋಟರು ತಂದಿದ್ದ ಗುರುಸ್ವಾಮಿ ಅನ್ನುವ ಹೈಸ್ಕೂಲು ಮೇಷ್ಟ್ರು ಒಂದು ಉಪಾಯ ಹೇಳಿದರು. ಅಂಗೈ ಅಗಲದ ಒಂದೇ ಬೋರ್ಡಿನ ಕಂಪ್ಯೂಟರ್ ಬರುತ್ತದೆ, ಮಕ್ಕಳಿಗೆ ಪಾಠ ಮಾಡಲು ನನ್ನ ಹತ್ತಿರ ಒಂದಿದೆ, ಕೊಡುತ್ತೇನೆ. ಪರದೆಯ ಮೇಲೆ ಹನ್ನೆರಡು ಮಾತು ಬರೆಯೋಣ, ಒಂದಾದ ಮೇಲೊಂದು ತಾವಾಗಿ ಬೆಳಗುತ್ತಾ ಹೋಗಲಿ, ಬೇಕಾದ ಮಾತು ಬೆಳಗಿದಾಗ ಅಮ್ಮ ಎಡಗೈಯಲ್ಲಿ ಒಂದು ಬಟನ್ ಒತ್ತಿದರೆ ಸ್ಪೀಕರು ಅದನ್ನು ಹೇಳುತ್ತದೆ. ಬೆನಕಪ್ಪನಿಗೆ ಆ ದಿನ ಎಷ್ಟೋ ತಿಂಗಳ ಮೇಲೆ ಹಸಿವಾಯಿತು. ಬಟನ್ನಿಗೆ ಅವನು ಹುಡುಕಾಡಲಿಲ್ಲ. ಮೂಲೆಯಲ್ಲಿದ್ದ ಹಳೇ ಮೋಟರ್ ಸ್ಟಾರ್ಟರಿನ ಡಬ್ಬಿ ತೆಗೆದು ತೊಳೆದ. ಅದರ ಹಸಿರು ಬಟನ್ನು ಮಾತಿಗೆ. ಕೆಂಪು ಬಟನ್ನು ಅವನನ್ನು ಕರೆಯುವುದಕ್ಕೆ, ಯಾವಾಗ ಒತ್ತಿದರೂ ನೇರ ಅದೇ. ಹಳೇ ಮಾನಿಟರು ಒಂದಿತ್ತು, ಆದರೆ ಅದರ ತಂತಿ ಸಿಕ್ಕಿಸುವ ಬಾಯಿ ಬೇರೆ, ಬೋರ್ಡಿನ ಬಾಯಿ ಬೇರೆ, ನಡುವೆ ಬೆರಳುದ್ದದ ಒಂದು ಬಿಳೀ ಅಡಾಪ್ಟರು ಬೇಕಾಯಿತು. ಅದನ್ನೂ ತಂದ. ಕರೆಂಟು ಹೋದಾಗ ಅವಳ ಮಾತು ನಿಲ್ಲಬಾರದು ಅಂತ, ಅಂಗಡಿಯ ಇನ್ವರ್ಟರಿನ ಹತ್ತಿರ ಚಾರ್ಜರು ಸಿಕ್ಕಿಸಿ, ಅಲ್ಲಿಂದ ಗೋಡೆಗೆ ತೂತು ಹೊಡೆದು ಕಾಲಿಂಗ್ ಬೆಲ್ಲಿನ ತೆಳು ತಂತಿ ಎಳೆದು ಒಳಕೋಣೆಗೆ ತಂದ. ಇಪ್ಪತ್ತೈದು ಅಡಿ. ಚೆಂದವಾಗಿ ಕ್ಲಿಪ್ಪು ಹೊಡೆದ.

ಧ್ವನಿಗೆ ಮಾತ್ರ ತೊಂದರೆಯಾಯಿತು. ಹೆಂಗಸಿನ ಧ್ವನಿಯಾದರೆ ಚೆನ್ನಾಗಿರುತ್ತದೆ ಅಂದಿದ್ದರು ಗುರುಸ್ವಾಮಿ. ಪಕ್ಕದ ಮನೆಯ ಕಲ್ಲಮ್ಮನನ್ನು ಕರೆದು ಫೋನು ಮುಂದೆ ಹಿಡಿದರೆ ಆಕೆ 'ಬಚ್ಚಲು' ಅನ್ನುವುದಕ್ಕೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು, "ಏ ಹೋಗಣ್ಣ, ನಂಗೆ ನಾಚ್ಕೆ ಆಗ್ತೈತೆ" ಅಂದು ಎದ್ದು ಹೋದಳು. ಕೊನೆಗೆ ಶಟರು ಎಳೆದುಕೊಂಡು ಬೆನಕಪ್ಪನೇ ಹನ್ನೆರಡೂ ಮಾತು ಹೇಳಿದ. ಹೂಂ, ಬ್ಯಾಡ, ನೀರು, ಊಟ, ಚಾ, ಬಚ್ಚಲು, ನೋವು, ಸೆಕೆ, ಚಳಿ, ಫ್ಯಾನು, ಮಲಗ್ತೀನಿ, ಸಾಕು. ಅವನಿಗೂ ನಾಚಿಕೆಯಾಗಿ ಪಿಸುಮಾತಿನಲ್ಲೇ ಹೇಳಿದ. ಕೆಂಪು ಬಟನ್ನಿನದ್ದನ್ನು ಮಾತ್ರ ಎದೆ ತುಂಬಾ ಉಸಿರು ತಗೊಂಡು ಕೂಗಿದ, ಅಂಗಡಿಯಲ್ಲಿ ಮೋಟರು ಓಡುತ್ತಿದ್ದರೂ ಕೇಳಬೇಕಲ್ಲ: "ಬೆನಕಪ್ಪಾ, ಬಾ ಇಲ್ಲಿ." ಗಂಡನ ಹೆಸರನ್ನು ಪ್ರೇಮಮ್ಮ ಇಪ್ಪತ್ತನಾಲ್ಕು ವರ್ಷದಲ್ಲಿ ಒಂದು ಸಲವೂ ಹೇಳಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕಡೆ ತಿರುಗಿ ನೀವೇ ಹೇಳ್ರಿ ಅನ್ನುವಳು. ಮನೆಯಲ್ಲಿ 'ಏನ್ರೀ', ಬೈಯುವಾಗ 'ಏನ್ರೀ ಇವ್ರೇ', ಅಷ್ಟೇ. ಅವಳ ಕೈಯನ್ನು ಹಿಡಿದು ಕೆಂಪು ಬಟನ್ನಿನ ಮೇಲಿಟ್ಟು, ನಾನು ಅಂಗಡೀಲಿದ್ದಾಗ ಇದು, ಅಂತ ತೋರಿಸಿದ್ದ. ಇವನು ಅಂಗಡಿಗೆ ಹೋದ ಮೇಲೆ ಅವಳು ಮೊದಲ ಸಲ ಅದನ್ನು ಒತ್ತಿದ್ದು. ಇವನು ಓಡಿ ಬಂದಾಗ ಅವಳ ಕೈ ಒಲೆ ಮುಟ್ಟಿದವರ ಹಾಗೆ ಎದೆಯ ಹತ್ತಿರ ಸೇರಿತ್ತು, ಮುಖ ಕೆಂಪಾಗಿತ್ತು. ಪರದೆ ಕಪ್ಪಾಗಿತ್ತು.

ಆವತ್ತಿನಿಂದ ಶುರು. ಮೂರು ದಿನಕ್ಕೊಮ್ಮೆಯೋ ದಿನಕ್ಕೆರಡು ಸಲವೋ, ಲೆಕ್ಕವಿಲ್ಲ, ಒಳಗಿಂದ ಕೂಗು ಕೇಳುತ್ತದೆ, ಇವನು ಹೋಗುತ್ತಾನೆ, ನೋಡಿದರೆ ಪರದೆ ಕಪ್ಪು. ಬೋರ್ಡಿನ ಹಸಿರು ದೀಪ ಉರಿಯುತ್ತಿರುತ್ತದೆ, ಮಾನಿಟರಿನ ದೀಪ ಉರಿಯುತ್ತಿರುತ್ತದೆ, ನಡುವೆ ಅಡಾಪ್ಟರು ಮಾತ್ರ ಸತ್ತಿರುತ್ತದೆ. "ಏನ್ ಒತ್ತಿದೆ? ಎರಡೂ ಒಟ್ಟಿಗೆ ಒತ್ತಿದ್ಯಾ?" ಅವಳು ಹೇಗೆ ಹೇಳಬೇಕು, ಹೇಳುವ ಪರದೆಯೇ ಇಲ್ಲ. ಎಲ್ಲ ಕಿತ್ತು ಮತ್ತೆ ಸಿಕ್ಕಿಸಿ, ಅದು ಎದ್ದು ಬಂದು ಹನ್ನೆರಡು ಮಾತು ಬೆಳಗುವ ಹೊತ್ತಿಗೆ ಐದು ನಿಮಿಷ. ಅವಳಿಗೆ ಬೇಕಾಗಿದ್ದದ್ದು ನೀರಾದರೆ ಕಾಯಬಹುದು, ಬಚ್ಚಲಾದರೆ ಕಾಯಲಾಗುವುದಿಲ್ಲ. ಅವಳು ಸಿಟ್ಟಿಗೆ ಬೇಕಂತಲೇ ಏನೋ ಮಾಡುತ್ತಿದ್ದಾಳೆ ಅಂತ ಅವನಿಗೆ ಅನ್ನಿಸತೊಡಗಿತು. ಯಾಕೆಂದರೆ ಅವನು ಪಕ್ಕದಲ್ಲಿ ಕೂತಾಗ ಒಂದು ಸಲವೂ ಹಾಗಾಗುತ್ತಿರಲಿಲ್ಲ. ಗಂಟೆಗಟ್ಟಲೆ ಕೂತು ಹನ್ನೆರಡು ಮಾತನ್ನೂ ಒತ್ತಿಸಿ ನೋಡಿದ್ದಾನೆ, ಎಲ್ಲ ಸರಿ. ಎದ್ದು ಅಂಗಡಿಗೆ ಹೋದರೆ ಮತ್ತೆ ಕಪ್ಪು. ಇವನ ಕಣ್ಣಿದ್ದಾಗ ಸರಿ, ಕಣ್ಣಿಲ್ಲದಾಗ ಕೆಟ್ಟಿತು ಅಂದರೆ ಏನರ್ಥ? ಮೋಟರು ಹಾಗೆ ಮಾಡುವುದಿಲ್ಲ, ಮನುಷ್ಯರು ಮಾಡುತ್ತಾರೆ.

ಒಂದು ತಿಂಗಳ ಹಿಂದೆ ಗೋವಿನಕೋವಿಯ ಅದೇ ರೈತ ಅಂಗಡಿಯಲ್ಲಿ ನಿಂತಿದ್ದ. ಕೂಗು ಬಂತು. ಇವನು ಒಳಗೆ ಹೋದ, ರೈತನೂ ಕುತೂಹಲಕ್ಕೆ ಬಾಗಿಲವರೆಗೆ ಬಂದ. ಪರದೆ ಕಪ್ಪು. ಬೆನಕಪ್ಪ ಕಿತ್ತ, ಸಿಕ್ಕಿಸಿದ, ಕಿತ್ತ, ಸಿಕ್ಕಿಸಿದ. ಅಷ್ಟರಲ್ಲಿ ಕುರ್ಚಿಯ ಕೆಳಗೆ ನೀರು ಹರಿದು ಬಂತು. ರೈತ ತಲೆ ಬಗ್ಗಿಸಿ ಹಿಂದೆ ಸರಿದ, ಕಂಡೂ ಕಾಣದ ಹಾಗೆ ಅಂಗಡಿಯ ಆ ಕಡೆ ಹೋಗಿ ನಿಂತ. ಆ ಮರ್ಯಾದೆಯೇ ಬೆನಕಪ್ಪನನ್ನು ಸುಟ್ಟದ್ದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಅವಳ ಎಡಗೈ ಇನ್ನೂ ಡಬ್ಬಿಯ ಮೇಲಿತ್ತು. ಇವನು ಆ ಕೈಯ ಮೇಲೆ ಪಟ್ಟಂತ ಹೊಡೆದ. ಜೋರಾಗಿಯೇ ಹೊಡೆದ, ಸುಳ್ಳು ಹೇಳಬಾರದು. ಇದ್ದದ್ದು ಒಂದು ಕೈ. ಅವಳು ಅಳಲಿಲ್ಲ, ಕೈಯನ್ನು ಮೆಲ್ಲಗೆ ತೆಗೆದು ಮಡಿಲಿಗೆ ಇಟ್ಟುಕೊಂಡು ಗೋಡೆಯ ಕ್ಲಿಪ್ಪುಗಳನ್ನು ನೋಡುತ್ತಾ ಕೂತಳು. ಕೂಗು ಕೇಳಿ ಹಿಂದಿನ ಬಾಗಿಲಿಂದ ಬಂದಿದ್ದ ಕಲ್ಲಮ್ಮ ಆ ಏಟನ್ನು ನೋಡಿದಳು ಅಂತ ಅವನಿಗೆ ಆಗಲೇ ಗೊತ್ತು.

ಮಾರನೇ ದಿನವೇ ಹೊನ್ನಾಳಿಗೆ ಹೋಗಿ ಹೆಚ್ಚಿನ ಬೆಲೆಯ ಅಡಾಪ್ಟರು ತಂದ. ಅದರ ಪಕ್ಕೆಯಲ್ಲೊಂದು ಸಣ್ಣ ತೂತಿತ್ತು, ಏನಕ್ಕೋ ಇರಬೇಕು ಅಂತ ಬಿಟ್ಟ. ಒಂಬತ್ತು ದಿನ ಪರದೆ ಒಮ್ಮೆಯೂ ಆರಲಿಲ್ಲ. ಬೆನಕಪ್ಪ ಗುರುಸ್ವಾಮಿಗೆ ಫೋನು ಮಾಡಿ, ಅಡಾಪ್ಟರೇ ಖರಾಬಿತ್ತು ಸಾರ್, ಕಂಡುಹಿಡಿದೆ, ಅಂತ ಬೀಗಿದ. ಹತ್ತನೇ ದಿನ ಮತ್ತೆ ಕೂಗು, ಮತ್ತೆ ಕಪ್ಪು. ಇನ್ನೊಂದು ತಂದ. ಅದೂ ಅಷ್ಟೇ. ಕಲ್ಲಮ್ಮನ ಬಾಯಿಂದ ಸುದ್ದಿ ಜಗಳೂರು ಮುಟ್ಟಿರಬೇಕು, ಮಂಗಳವಾರ ಲಕ್ಷ್ಮೀದೇವಿಯ ಫೋನು ಬಂತು.

ಈ ದಿನ ಬೆಳಿಗ್ಗೆ ಗುರುಸ್ವಾಮಿ ಫೋನಿನಲ್ಲಿ ತಾಳ್ಮೆಯಿಂದ ಕೇಳಿದ್ದರು. "ಬೆನಕಪ್ಪನೋರೇ, ಆರೋಕೆ ಮುಂಚೆ ಪರದೆ ಮೂಲೇಲಿ ಹಳದಿ ಮಿಂಚಿನ ಗುರ್ತೇನಾದ್ರೂ ಬರ್ತೈತಾ?" ಬರ್ತೈತೆ ಸಾರ್, ಒಂದೆರಡು ಸಲ ಓಡಿ ಹೋದಾಗ ಕಂಡಿದೀನಿ, ಕರೆಂಟು ಚೆನ್ನಾಗಿ ಐತೆ ಅಂತ ತಾನೆ, ನಮ್ಮ ಟ್ರಾನ್ಸ್‌ಫಾರ್ಮರ್ ಕಂಬದ ಮೇಲೆ ಇರ್ತೈತಲ್ಲ ಅಂಥದ್ದೇ, ಅಂದ. ಗುರುಸ್ವಾಮಿ ನಕ್ಕುಬಿಟ್ಟರು. "ಅಲ್ಲ ಮಾರಾಯ್ರೇ, ಕರೆಂಟು ಸಾಲ್ತಿಲ್ಲ ಅಂತ ಬೋರ್ಡು ಬಾಯಿ ಬಡ್ಕಂತೈತೆ ಅದು. ನೀವು ಎಳೆದಿರೋ ವೈರು ಎಷ್ಟು ದಪ್ಪ ಐತೆ?" ನಕ್ಕದ್ದು ತಪ್ಪಲ್ಲ, ನಗುವಂಥದ್ದೇ. ಆದರೆ ಮೂವತ್ತು ವರ್ಷ ವೈರಿನಲ್ಲೇ ಅನ್ನ ತಿಂದವನನ್ನು ವೈರು ಎಷ್ಟು ದಪ್ಪ ಅಂತ ಕೇಳುವುದು ಅಂದರೆ, ಬಾಣಸಿಗನನ್ನು ಉಪ್ಪು ಹಾಕಿದ್ಯಾ ಅಂತ ಕೇಳಿದ ಹಾಗೆ. "ಸಾರ್, ಏಳ್ನೂರು ಅಡಿ ಬೋರಿಗೆ ಕೇಬಲ್ ಇಳ್ಸಿದೀನಿ ನಾನು. ಐದು ವೋಲ್ಟಿಗೆ ಎಂಥಾ ದಪ್ಪ ಬೇಕ್ರಿ?" ಅಂದು ಫೋನು ಇಟ್ಟ. ಇಟ್ಟವನು ಆಗಿನಿಂದ ಚಾರ್ಜರಿನ ಬಾಯಿಯನ್ನೇ ಅಳೆಯುತ್ತಾ ಕೂತಿದ್ದಾನೆ. ಐದು ಪಾಯಿಂಟ್ ಒಂದು.

ಹನ್ನೆರಡಕ್ಕೆ ಕಲ್ಲಮ್ಮ ಬಂದಳು. ಊರಿಗೆ ಹೋಗೋಳಿಗೆ ತಲೆಗೆ ನೀರು ಹಾಕ್ತೀನಿ ಅಂದು, ಇವನ ಮುಖ ನೋಡದೆ, ಪ್ರೇಮಮ್ಮನನ್ನು ತೋಳು ಹಿಡಿದು ಎಬ್ಬಿಸಿ, ಕಾಲೆಳೆಸಿಕೊಂಡು ಹಿತ್ತಲಿಗೆ ಕರೆದುಕೊಂಡು ಹೋದಳು. ಹೋಗ್ತಾಳೆ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟರಾ ಇವರೆಲ್ಲ, ಅಂದುಕೊಂಡು ಬೆನಕಪ್ಪ ಒಳಕೋಣೆಗೆ ಬಂದು ಖಾಲಿ ಕುರ್ಚಿಯ ಮುಂದೆ ನಿಂತ. ಕುರ್ಚಿ ಇನ್ನೂ ಬೆಚ್ಚಗಿತ್ತು. ಕೂತ. ಎಂಟು ತಿಂಗಳಲ್ಲಿ ಈ ಕುರ್ಚಿಯನ್ನು ಒರೆಸಿದ್ದಾನೆ, ಸರಿಸಿದ್ದಾನೆ, ಕೂತಿರಲಿಲ್ಲ. ಇಲ್ಲಿಂದ ಕಾಣುವುದು ಪರದೆ, ಗೋಡೆ, ಗೋಡೆಯ ಮೇಲೆ ಸಾಲಾಗಿ ಹೊಡೆದ ಕ್ಲಿಪ್ಪು. ಅಂಗಡಿ ಕಾಣುವುದಿಲ್ಲ, ಬೀದಿ ಕಾಣುವುದಿಲ್ಲ. ಅಂಗಡಿಗೆ ಯಾರೋ ಬಂದು 'ಬೆನಕಪ್ಪಣ್ಣ ಇಲ್ವಾ' ಅಂದು ಹೋದದ್ದು ಕೇಳಿಸಿತು. ಸುರಹೊನ್ನೆ ಊರಿನ ಯಾರದೋ ಧ್ವನಿ ಇರಬೇಕು, ಪ್ರೇಮಮ್ಮನಾಗಿದ್ದರೆ ಧ್ವನಿ ಕೇಳಿಯೇ ಅವನ ಅಪ್ಪನ ಹೆಸರು ಹೇಳುತ್ತಿದ್ದಳು. ಬಲಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಎಡಗೈಯನ್ನು ಡಬ್ಬಿಯ ಮೇಲಿಟ್ಟ. ಪರದೆಯಲ್ಲಿ ಬೆಳಕು ಮಾತಿನಿಂದ ಮಾತಿಗೆ ಮೆಲ್ಲಗೆ ದಾಟುತ್ತಿತ್ತು. ನೀರು. ಒತ್ತಿದ. ನೀರು, ಅಂತ ಅವನ ಧ್ವನಿ ಅವನಿಗೇ ಹೇಳಿತು. ಚಾ. ನೋವು. ಸೆಕೆ. ಎಲ್ಲ ಸರಿಯಾಗಿತ್ತು. ಹನ್ನೆರಡನ್ನೂ ಓದಿದ ಮೇಲೆ ಅವನಿಗೆ ಹೊಳೆಯಿತು, ಎಲ್ಲ ಮೈಯ ಮಾತುಗಳೇ. ಎಮ್ಮೆ ಕರು ಹಾಕಿತಾ ಅಂತ ಕೇಳಲು ಒಂದು ಮಾತಿಲ್ಲ ಇದರಲ್ಲಿ. ಇವನ ಮನೆಯಲ್ಲಿ ಅವಳಿಗೆ ಇಷ್ಟು ಸಾಕು ಅಂತ ಲೆಕ್ಕ ಹಾಕಿದವನು ಇವನೇ.

ಕೆಂಪು ಬಟನ್ನಿನ ಕಡೆ ನೋಡಿದ. ಅದನ್ನು ಅವನು ಜೋಡಿಸಿದ್ದೇ ಹೊರತು ಒತ್ತಿದ್ದಿಲ್ಲ. ಅವಳ ಕೈ ಹಿಡಿದು ತೋರಿಸಿದ್ದೇ ಹೊರತು, ಆಗಲೂ ಒತ್ತಿರಲಿಲ್ಲ. ನಾನೇ ಇಲ್ಲಿರುವಾಗ ನನ್ನನ್ನು ಕರೆಯುವುದೇನು ಅಂತ. ಅವಳೂ ಅಷ್ಟೇ, ಇವನು ಎದುರಿಗಿದ್ದಾಗ ಅದರ ತಂಟೆಗೆ ಹೋದವಳಲ್ಲ. ಒತ್ತಿದ.

"ಬೆನಕಪ್ಪಾ, ಬಾ ಇಲ್ಲಿ."

ಗೋಡೆ ನಡುಗುವಂಥ ಧ್ವನಿ. ಪರದೆಯ ಮೂಲೆಯಲ್ಲಿ ಹಳದಿ ಮಿಂಚು ಬಂತು, ಮಾತುಗಳು ಒಮ್ಮೆ ಅಲುಗಿದವು, ಪರದೆ ಆರಿತು. ಹಿತ್ತಲಿಂದ ಕಲ್ಲಮ್ಮ ಚೊಂಬು ಕುಕ್ಕಿ, "ಇಲ್ಲೇ ಕೂತೈತಲ್ಲ ಅಕ್ಕ, ಯಾರು ಕೂಗಿದ್ದು" ಅಂದದ್ದು ಕೇಳಿಸಿತು. ಬೆನಕಪ್ಪ ಅಲುಗಾಡಲಿಲ್ಲ. ಕಪ್ಪು ಗಾಜಿನಲ್ಲಿ ಅವನ ಮುಖವೇ ಕಾಣುತ್ತಿತ್ತು. ಕರೆದದ್ದಾಯಿತು, ಯಾರೂ ಬರಲಿಲ್ಲ, ಬಂದರೂ ಹೇಳಲು ಈಗ ಮಾತಿಲ್ಲ. ಹೀಗೆ, ಈ ಕುರ್ಚಿಯಲ್ಲಿ, ಪ್ರತಿ ಸಲ. ಕರೆದ ತಪ್ಪಿಗೆ ಬಾಯಿ ಮುಚ್ಚುವುದು, ಓಡಿ ಬಂದವನು ಏನ್ ಒತ್ತಿದೆ ಅಂತ ಗದರುವುದು. ಅವಳು ಒತ್ತಿದ್ದು ಒಂದೇ, ಅವನನ್ನು. ಆಮೇಲೆ ಆ ಒಂಬತ್ತು ದಿನ ನೆನಪಾಯಿತು. ಹೊಸ ಅಡಾಪ್ಟರಿನಿಂದ ಸರಿಹೋಯಿತು ಅಂತ ಬೀಗಿದ ಒಂಬತ್ತು ದಿನ. ಅಡಾಪ್ಟರು ಏನೂ ಮಾಡಿರಲಿಲ್ಲ. ಕೈಯ ಮೇಲೆ ಹೊಡೆಸಿಕೊಂಡವಳು ಒಂಬತ್ತು ದಿನ ಅವನನ್ನು ಕರೆದಿರಲೇ ಇಲ್ಲ. 

ಎದ್ದು ಮೀಟರು ತಂದ. ಎಲ್ಲ ಕಿತ್ತು ಮತ್ತೆ ಸಿಕ್ಕಿಸಿ, ಪರದೆ ಬಂದ ಮೇಲೆ, ಕಡ್ಡಿಗಳನ್ನು ಈ ಸಲ ಬೋರ್ಡಿನ ಬಾಯಲ್ಲೇ ಹಿಡಿದ. ನಾಲ್ಕು ಪಾಯಿಂಟ್ ಎಂಟು. ಮೊಳಕೈಯಿಂದ ಕೆಂಪು ಬಟನ್ ಒತ್ತಿದ. ಸ್ಪೀಕರು ಕೂಗಿತು, ಮೀಟರು ನಾಲ್ಕು ಪಾಯಿಂಟ್ ಎರಡಕ್ಕೆ ಬಿತ್ತು. ಪಿಸುಮಾತಿಗೆ ಸಾಲುವಷ್ಟು ಕರೆಂಟಿತ್ತು, ಕೂಗಿಗೆ ಇರಲಿಲ್ಲ. ಸ್ಪೀಕರೂ ಅಡಾಪ್ಟರೂ ಉಣ್ಣುವುದು ಅದೇ ಬೋರ್ಡಿನಿಂದ, ಕೂಗು ಎಳೆದುಕೊಂಡದ್ದರಲ್ಲಿ ಅಡಾಪ್ಟರಿಗೆ ಉಪವಾಸ. ಇಷ್ಟೇ. ಕೇಬಲ್ ಉದ್ದ ಆದಷ್ಟೂ ದಪ್ಪ ಇರ್ಬೇಕು ಕಣಪ್ಪ, ಸ್ಟಾರ್ಟ್ರು ಹತ್ರ ಅಳೆದ್ರೆ ಏನು ಬಂತು, ಮೋಟ್ರು ಹತ್ರ ಎಷ್ಟು ತಲುಪ್ತೈತೆ ಅದನ್ನ ನೋಡು, ಓಡ್ತಿರುವಾಗ ನೋಡು: ಈ ಮಾತನ್ನು ಅವನು ಎಷ್ಟು ರೈತರಿಗೆ ಹೇಳಿಲ್ಲ, ಎಷ್ಟು ಜನರನ್ನು ಪೆದ್ದರು ಅಂತ ಆಡಿಕೊಂಡಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ತನ್ನ ಮನೆಯೊಳಗಿನದ್ದು ಸಣ್ಣದು, ಐದು ವೋಲ್ಟಿನದ್ದು, ಅದಕ್ಕೆ ಬೆಲ್ಲಿನ ತಂತಿ ಸಾಕು ಅಂತ ಅಂದುಕೊಂಡ. ಸಣ್ಣದಕ್ಕೇ ಒಂದು ಚೂರು ಕಮ್ಮಿಯಾದರೂ ತಡೆಯುವುದಿಲ್ಲ ಅನ್ನುವುದು ಹೊಳೆಯಲಿಲ್ಲ.

ಒಂದು ಗಂಟೆಯಾಗಿತ್ತು. ಇಪ್ಪತ್ತೈದು ಅಡಿಯ ತಂತಿಯನ್ನು ಕ್ಲಿಪ್ಪು ಸಮೇತ ಕಿತ್ತ. ಇನ್ವರ್ಟರಿನ ಲೈನನ್ನೇ ಒಳ್ಳೇ ವೈರಿನಲ್ಲಿ ಒಳಕೋಣೆಗೆ ತಂದು ಪ್ಲಗ್ಗು ಕೂರಿಸಿ, ಚಾರ್ಜರನ್ನು ಅಲ್ಲೇ ಹಾಕಿ, ಬೋರ್ಡಿಗೆ ಗೇಣುದ್ದದ ದಪ್ಪ ಕೇಬಲ್ಲು ಕೊಟ್ಟ. ಅಡಾಪ್ಟರಿನ ಪಕ್ಕೆಯ ಸಣ್ಣ ತೂತು ಯಾತಕ್ಕೆ ಅಂತ ಈಗ ತಿಳಿಯಿತು. ಅದಕ್ಕೆ ಬೇರೆಯೇ ಚಾರ್ಜರು ಸಿಕ್ಕಿಸಿದ, ಯಾರ ಪಾಲಿಗೂ ಕೈ ಹಾಕದೆ ಅದರ ಅನ್ನ ಅದು ಉಣ್ಣಲಿ ಅಂತ. ಮೀಟರು ಹಿಡಿದು ಕೆಂಪು ಬಟನ್ ಒತ್ತಿದ. ಐದು. ಮತ್ತೆ ಒತ್ತಿದ. ಐದು. ಹತ್ತು ಸಲ ಒತ್ತಿದ, ಹತ್ತು ಸಲ ಅವನ ಹೆಸರು ಬೀದಿಯವರೆಗೆ ಕೇಳಿತು, ಪರದೆ ಕಣ್ಣು ಪಿಳುಕಿಸಲಿಲ್ಲ, ಮಿಂಚು ಬರಲಿಲ್ಲ. ಗುರುಸ್ವಾಮಿಗೆ ಫೋನು ಮಾಡಿ, "ವೈರೇ ಸಾರ್" ಅಂದ. ಅವರು, "ಬಿಡ್ರಿ, ಆಗ್ತೈತೆ" ಅಂದರು. ಬಿಡ್ರಿ ಅಂದದ್ದಕ್ಕೆ ಅವನ ಕಣ್ಣಲ್ಲಿ ನೀರು ಬಂತು.

ಲಕ್ಷ್ಮೀದೇವಿ ಮೂರಕ್ಕೆ ಹತ್ತು ನಿಮಿಷ ಇರುವಾಗಲೇ ಬಂದಳು. ಡ್ರೈವರು ಗಾಡಿಯನ್ನು ನೆರಳಿಗೆ ಹಾಕಿ ಮಲಗಿದ. ಪ್ರೇಮಮ್ಮ ಒದ್ದೆ ಕೂದಲು ಹರವಿಕೊಂಡು ಕುರ್ಚಿಯಲ್ಲಿ ಕೂತಿದ್ದಳು, ಕಲ್ಲಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಬೆನಕಪ್ಪನಿಗೆ ಇದ್ದದ್ದು ಒಂದೇ ಆಸೆ. ಸರಿಯಾದ ಪರದೆಯ ಮುಂದೆ ಕೂತರೆ ಅವಳು ಬ್ಯಾಡ ಅನ್ನುತ್ತಾಳೆ, ಇಲ್ಲೇ ಇರುತ್ತಾಳೆ. ಅವಳ ಮುಂದೆ ಮೊಣಕಾಲೂರಿ ಕೂತ. "ತಪ್ಪು ನಿಂದಲ್ಲ. ನಾನು ಎಳೆದ ವೈರಿಂದು. ನೀನು ಕರೆದಾಗೆಲ್ಲ ಅದು ಆರೋದು. ನಂಗೆ ಇವತ್ತು ಗೊತ್ತಾತು." ಅವಳು ಇವನನ್ನು ನೋಡಿದಳು. ಆ ನೋಟದಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅವಳಿಗೆ ಮೊದಲ ದಿನದಿಂದ ಗೊತ್ತಿತ್ತು.

"ಕೇಳು" ಅಂದ ಲಕ್ಷ್ಮೀದೇವಿಗೆ, ಎದ್ದು ಗೋಡೆಯ ಕಡೆ ಸರಿದು.

ಲಕ್ಷ್ಮೀದೇವಿ ಅಕ್ಕನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. "ಅಕ್ಕ, ನನ್ ಜೊತಿ ಜಗಳೂರಿಗೆ ಬರ್ತೀಯಾ? ಬಲವಂತ ಇಲ್ಲ. ನಿನ್ ಮನಸ್ಸಿಗೆ ಬಂದಂಗೆ ಹೇಳು."

ಬೆಳಕು ಹೂಂ ಮೇಲೆ ಬಂತು. ಅವಳು ಒತ್ತಲಿಲ್ಲ. ಬ್ಯಾಡ ಮೇಲೆ ಬಂತು. ಅವಳ ಬೆರಳು ಹಸಿರು ಬಟನ್ನಿನ ಮೇಲೆ ಇತ್ತು, ಒತ್ತಲಿಲ್ಲ. ನೀರು, ಊಟ, ಚಾ, ಬಚ್ಚಲು, ನೋವು, ಬೆಳಕಿಗೇನು ಅವಸರ, ಒಂದೊಂದನ್ನೂ ಮುಟ್ಟಿಕೊಂಡು ಹೋಯಿತು. ಸಾಕು ದಾಟಿ ಮತ್ತೆ ಹೂಂ ಮೇಲೆ ಬಂತು. ಒತ್ತಿದಳು.

"ಹೂಂ" ಅಂತ ಹೇಳಿತು ಅವನ ಧ್ವನಿ, ನಾಚಿಕೊಂಡು, ಪಿಸುಮಾತಿನಲ್ಲಿ.

ಈಗ ಆರಬಾರದಾ ಅಂತ ಅವನು ಪರದೆಯನ್ನು ನೋಡಿದ. ಇಷ್ಟು ದಿನ ಬೇಡದಾಗೆಲ್ಲ ಆರಿತಲ್ಲ, ಈಗ ಒಂದು ಸಲ ಆರಿದ್ದರೆ ಬೆರಳು ತಪ್ಪಿತು, ಡಬ್ಬಿ ಕೆಟ್ಟಿತು ಅನ್ನಬಹುದಿತ್ತು. ಅದು ಚೆನ್ನಾಗಿ ಉರಿಯುತ್ತಿತ್ತು. ಅವನ ಕೈಕೆಲಸ ಈ ಸಲ ಗಟ್ಟಿಯಾಗಿತ್ತು. "ಅವತ್ತು ಕೈ ಮ್ಯಾಲೆ ಹೊಡ್ದೆ" ಅಂದ. ಎಲ್ಲರ ಮುಂದೆಯೇ ಅಂದ. "ಅದಕ್ಕಾ?" ಬೆಳಕು ಹೂಂ ಅನ್ನೂ ದಾಟಿತು, ಬ್ಯಾಡ ಅನ್ನೂ ದಾಟಿತು, ನೋವನ್ನೂ ದಾಟಿತು. ಅವಳ ಬೆರಳು ಅಲುಗಲಿಲ್ಲ. ಅವನು ಮತ್ತೆ ಕೇಳಲಿಲ್ಲ. ಕಲ್ಲಮ್ಮ ಸೆರಗಿನಿಂದ ಮೂಗೊರೆಸಿಕೊಂಡು ಬಟ್ಟೆಯ ಗಂಟು ತರಲು ಹೋದಳು.

ಸಾಮಾನು ಕಟ್ಟುವಾಗ ಲಕ್ಷ್ಮೀದೇವಿ, ನಮ್ಮನೇ ಟಿ.ವಿ.ಗೇ ಹಾಕ್ತೀವಿ ಭಾವ, ಈ ಮಾನಿಟರು ಬ್ಯಾಡ, ಅಂದಳು. ಟಿ.ವಿ.ಯಾದರೆ ಬೋರ್ಡಿನ ಬಾಯಿಗೆ ನೇರ ಕೂರುತ್ತದೆ, ಅಡಾಪ್ಟರೂ ಬೇಡ. ಬೆನಕಪ್ಪ ತಲೆಯಾಡಿಸಿದ. ಬೋರ್ಡು, ಸ್ಪೀಕರು, ಸ್ಟಾರ್ಟರಿನ ಡಬ್ಬಿ ಇಷ್ಟೇ ಹೋಗುವುದು. ಇನ್ನೂ ಬಿಚ್ಚಿರಲಿಲ್ಲ. ಲಕ್ಷ್ಮೀದೇವಿ ಕೆಂಪು ಬಟನ್ನನ್ನು ಬೆರಳಲ್ಲಿ ತೋರಿಸಿ, "ಇದನ್ನೊಂದು ಬದ್ಲಾಯ್ಸಿ ಕೊಡ್ರಿ. ಅಲ್ಲಿ ಕರೆದ್ರೆ ಬರೋಳು ನಾನು. ನನ್ ಹೆಸ್ರು ಹಾಕ್ರಿ" ಅಂದಳು. ನ್ಯಾಯವಾದ ಮಾತೇ. ಬೆನಕಪ್ಪ ಜೇಬಿನಿಂದ ಫೋನು ತೆಗೆದು, ಅವಳ ಬಾಯಿಯ ಹತ್ತಿರ ಹಿಡಿದು, ಜೋರಾಗಿ ಹೇಳಮ್ಮ, ಅಂದ. ಲಕ್ಷ್ಮೀದೇವಿ ಗಂಟಲು ಸರಿಮಾಡಿಕೊಂಡಳು.

"ಬ್ಯಾಡ" ಅಂತು ಸ್ಪೀಕರು.

ಇಬ್ಬರೂ ತಿರುಗಿದರು. ಪ್ರೇಮಮ್ಮನ ಬೆರಳು ಹಸಿರು ಬಟನ್ನಿನ ಮೇಲಿತ್ತು.

"ಏನ್ ಬ್ಯಾಡ ಅಕ್ಕ? ಜಗಳೂರು ಬ್ಯಾಡ್ವಾ?"

ಬೆಳಕು ಪೂರ್ತಿ ಒಂದು ಸುತ್ತು ಹೋಗಿ ಬರುವವರೆಗೆ ಕಾದು, "ಬ್ಯಾಡ" ಅಂತ ಮತ್ತೆ ಒತ್ತಿ, ಕೈಯನ್ನು ಎತ್ತಿ ಬೆನಕಪ್ಪನ ಫೋನಿನ ಕಡೆ ತೋರಿಸಿದಳು. ಅದನ್ನು ಜೇಬಿಗೆ ಹಾಕು ಅನ್ನುವ ಹಾಗೆ ಕೈಯಾಡಿಸಿದಳು. ಅಂಗಡಿಯ ಸ್ಟೂಲಿನ ಮೇಲೆ ಕೂತು ಚೌಕಾಸಿ ಮಾಡುವವರನ್ನು ಅಟ್ಟುತ್ತಿದ್ದ ಕೈ ಅದು.

"ಹೆಸ್ರು ಬದ್ಲಾಯ್ಸೋದು ಬ್ಯಾಡ್ವಾ?" ಅಂತ ಕೇಳಿದಳು ಲಕ್ಷ್ಮೀದೇವಿ. ಕಾದರು. "ಹೂಂ" ಅಂತು ಅವನ ಧ್ವನಿ.

"ಅಲ್ಲೇ ಅಕ್ಕ, ಭಾವ ನ್ಯಾಮತೀಲಿರ್ತಾರೆ. ಜಗಳೂರಲ್ಲಿ ಕೂತು ಕೂಗಿದ್ರೆ ಇವ್ರಿಗೆ ಕೇಳ್ತೈತಾ? ಹೆಂಗೆ ಬರ್ತಾರೆ?"

ಪ್ರೇಮಮ್ಮ ಪರದೆಯ ಕಡೆ ನೋಡಲಿಲ್ಲ. ಅದಕ್ಕೆ ಪರದೆ ಬೇಕಾಗಿರಲಿಲ್ಲ. ಬೆನಕಪ್ಪ ಎದುರಿಗೇ ನಿಂತಿದ್ದ, ಡಬ್ಬಿ ಬಂದಾಗಿನಿಂದ ಅವನು ಎದುರಿಗಿದ್ದಾಗ ಅವಳು ಯಾವತ್ತೂ ಮುಟ್ಟದ ಕೆಂಪು ಬಟನ್ನಿಗೆ ಕೈ ಹೋಯಿತು. ಈ ಸಲ ಕೈ ಹಿಂದಕ್ಕೆ ಸರಿಯಲಿಲ್ಲ, ಅವನ ಹೆಸರು ಪೂರ್ತಿ ಮುಗಿಯುವವರೆಗೆ ಅಲ್ಲೇ ಇತ್ತು.

"ಬೆನಕಪ್ಪಾ, ಬಾ ಇಲ್ಲಿ."

ಇವತ್ತು ಎರಡೇ ಹೆಜ್ಜೆ ದೂರ ಇತ್ತು, ನಾಳೆಯಿಂದ ಬಸ್ಸು ಹಿಡಿಯಬೇಕು. ಹೋದ. ಏನ್ ಒತ್ತಿದೆ ಅಂತ ಕೇಳಲಿಲ್ಲ. ಪರದೆ ಉರಿಯುತ್ತಲೇ ಇತ್ತು, ಹನ್ನೆರಡು ಮಾತೂ ಒಂದಾದ ಮೇಲೊಂದು ಬೆಳಗಿ ಹೋದವು, ಅವಳು ಯಾವುದನ್ನೂ ಒತ್ತಲಿಲ್ಲ.